ಗುಲಾಬಿಯ ಸಿನಿಮಾ ಹುಚ್ಚು

ಗಂಡಸು ಬಿಡದೆ ಸಿನಿಮಾ ನೋಡಿದರೆ ಅದು ಹವ್ಯಾಸ; ಹೆಂಗಸು ನೋಡಿದರೆ ಹುಚ್ಚು. ಶ್ರೀ ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008) ಚಿತ್ರವನ್ನು ಈಚೆಗೆ ಮತ್ತೊಮ್ಮೆ ನೋಡಿದಾಗ ನಮ್ಮನ್ನು ಕಾಡಿದ್ದು ಈ ಭೇದವೇ.

ಕುಂದಾಪುರದ ಕಡೆಯ ಮೀನುಗಾರರ ಒಂದು ಕುದ್ರು. ಅಲ್ಲಿನ ಸೂಲಗಿತ್ತಿ ಗುಲಾಬಿಗೆ ಸಿನಿಮಾ ಎಂದರೆ ಪ್ರಾಣ. ಒಂದು ಹೆರಿಗೆ ಮಾಡಿಸಿದ ಉಪಕಾರಕ್ಕಾಗಿ ಆ ಮನೆಯವರು ಅವಳಿಗೆ ಬಣ್ಣದ ಟಿ.ವಿ.ಯನ್ನೂ ಡಿಶ್ ಆಂಟೆನಾವನ್ನೂ ಕೊಡಿಸುತ್ತಾರೆ. ಗಂಡಸರು ಕಡಲಿಗಿಳಿದ ಹೊತ್ತಿನಲ್ಲಿ ಹೆಂಗಸರು ಅವಳ ಗುಡಿಸಲಿನಲ್ಲಿ ಸೇರುತ್ತಾರೆ. ಗುಲಾಬಿ ಮುಸಲ್ಮಾನಳೆಂದು ಕೆಲವರು ಬರುವುದೇ ಇಲ್ಲ; ಇನ್ನು ಕೆಲವರು ಒಳಗೆ ಕಾಲಿಡದೆ ಹೊರಗಿನಿಂದಲೇ ನೋಡುತ್ತಾರೆ. ಮಡಿಯೂ ಉಳಿಯಬೇಕು, ಟಿ.ವಿ.ಯೂ ಬೇಕು! ಚಿತ್ರದ ಜೀವಾಳವಿರುವುದು ಈ ಭಾಗದಲ್ಲಿ. ಶ್ರೀಮತಿ ಉಮಾಶ್ರೀಯವರ ಗುಲಾಬಿಯಂತೂ ಪರದೆಯ ಮುಂದೆ ಕುಳಿತಾಗ ಮಗುವೇ ಸರಿ.

ಆದರೆ ನಮ್ಮದೊಂದು ತಕರಾರಿದೆ. ಗುಲಾಬಿಯ ಗಂಡ ಮೂಸಾ ಅವಳನ್ನು ಬಿಟ್ಟು ಎರಡನೆಯ ಹೆಂಡತಿಯೊಡನೆ ಸಂಸಾರ ಹೂಡಿದ್ದಾನೆ. ಒಂಟಿ ಹೆಂಗಸು, ಪಾಪ, ಅದಕ್ಕೇ ಸಿನಿಮಾ ಎಂಬ ಅರ್ಥಕ್ಕೆ ಇದು ಎಡೆಮಾಡಿಕೊಡುತ್ತದೆ. ಗಂಡ ಜೊತೆಯಲ್ಲಿದ್ದರೆ ಅವಳಿಗೆ ಸಿನಿಮಾ ಬೇಡವಾಗುತ್ತಿತ್ತೇ? ನಾವು ಹದಿನೈದು ವರ್ಷಗಳಿಂದ ಭಾನುವಾರವಿಡೀ ಹಳೆಯ ರೇಡಿಯೋಗಳನ್ನು ಬಿಚ್ಚಿ ಜೋಡಿಸುತ್ತಾ ಕುಳಿತಿದ್ದೇವೆ. ‘ಮನೆಯಲ್ಲಿ ಏನು ದುಃಖ?’ ಎಂದು ಆಫೀಸಿನಲ್ಲಾಗಲಿ ನೆರೆಹೊರೆಯಲ್ಲಾಗಲಿ ಯಾರೂ ಈವರೆಗೆ ಕೇಳಿಲ್ಲ.

ಅದಿರಲಿ, ಕೇಳುವವರ ಸಾಲಿನಲ್ಲಿ ನಾವೂ ಇದ್ದೇವೆ. ನಮ್ಮ ಸಂಘದ ವಾರ್ಷಿಕೋತ್ಸವದ ಸ್ಪರ್ಧೆಗಳ ಪಟ್ಟಿಯಲ್ಲಿ ಕೇರಂ, ಚೆಸ್ ಪುರುಷರಿಗೆ, ರಂಗೋಲಿ, ಹೂಮಾಲೆ ಮಹಿಳೆಯರಿಗೆ ಎಂದು ಬರೆದ ಕೈ ನಮ್ಮದೇ. ಹೋದ ವರ್ಷ ಸದಸ್ಯೆಯೊಬ್ಬರು ಚೆಸ್‌ಗೆ ಹೆಸರು ಕೊಡಲು ಬಂದಾಗ, ‘ಮನೆಯಲ್ಲಿ ಬಿಡುವು ಜಾಸ್ತಿಯೋ ಏನೋ’ ಎಂದು ನಗೆಯಾಡಿದೆವು. ಅವರು ನಗಲಿಲ್ಲ. ಹೆಸರನ್ನೂ ಕೊಡದೆ ಹೋದರು.

ಎರಡನೆಯ ತಕರಾರು ವಿಜ್ಞಾನ ಓದಿದವರ ಚಪಲವೆಂದು ಬೇಕಾದರೆ ಎನ್ನಿ. ಪ್ರಯೋಗದಲ್ಲಿ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕು. ಇಲ್ಲಿ ಟಿ.ವಿ. ಬರುತ್ತದೆ, 1999ರ ಕಾರ್ಗಿಲ್ ಯುದ್ಧ ಬರುತ್ತದೆ, ಟ್ರಾಲರ್ ದೋಣಿಗಳ ಜಗಳ ಬರುತ್ತದೆ, ಗುಲಾಬಿಯ ಗೆಳತಿ ನೇತ್ರು ಕಾಣೆಯಾಗುತ್ತಾಳೆ. ಊರು ಗುಲಾಬಿಯ ಮೇಲೆ ತಿರುಗಿಬಿದ್ದದ್ದು ಅವಳ ಮತಕ್ಕಾಗಿಯೋ, ಹೆಂಗಸರನ್ನು ಕೂಡಿಸಿಕೊಂಡು ಸಂತೋಷಪಟ್ಟದ್ದಕ್ಕಾಗಿಯೋ? ಎರಡನೆಯದೂ ಕಾರಣವೆಂದೇ ನಮ್ಮ ಎಣಿಕೆ. ಮೊದಲನೆಯದರ ಅಬ್ಬರದಲ್ಲಿ ಅದು ಕೇಳಿಸದೆ ಹೋಗಿದೆ. ಮೂಲವಾದ ಶ್ರೀಮತಿ ವೈದೇಹಿಯವರ ಕಥೆಯಲ್ಲಿ ಟಿ.ವಿ. ಇಲ್ಲ, ಊರಿಗೆ ಹೊಸದಾಗಿ ಬಂದ ಟಾಕೀಸಿಗೆ ಹೆಂಗಸರು ಮುಗಿಬೀಳುತ್ತಾರೆ. ನಮ್ಮ ಪ್ರಶ್ನೆಗೆ ಆ ಕಥೆಯೇ ಹೆಚ್ಚು ಹತ್ತಿರ.

ಹಾಗೆಂದು ಚಿತ್ರ ಸೋತಿದೆ ಎನ್ನಲಾರೆವು. ಕೊನೆಯ ದೃಶ್ಯವನ್ನು ನೋಡಿ. ಅಷ್ಟು ದಿನ ಗುಲಾಬಿಯ ಹೊಸ್ತಿಲು ತುಳಿಯದಿದ್ದ ಮುದುಕಿಯರು ಟಿ.ವಿ. ನೋಡಲು ಅವಳ ಮನೆಯೊಳಕ್ಕೆ ಹೋಗುತ್ತಾರೆ. ಅವರಿಗೆ ಯಾವ ದುಃಖ ಮರೆಯಬೇಕಾಗಿತ್ತು ಎಂದು ಕಾಸರವಳ್ಳಿಯವರು ಹೇಳುವುದಿಲ್ಲ. ಅವರಿಗೆ ನೋಡಬೇಕೆನಿಸಿದೆ, ಹೋಗಿದ್ದಾರೆ.