ಗುಳೆ ಮತ್ತು ಪ್ರತಿಭಟನೆ: ಸಮೀಕ್ಷಾ ದತ್ತಾಂಶದ ಮಿತಿಗಳು

ವಲಸೆ ಮತ್ತು ಪ್ರತಿಭಟನೆಗಳ ಸಂಬಂಧವನ್ನು ಕುರಿತ ಚರ್ಚೆಗೆ ಆಲ್ಬರ್ಟ್ ಹಿರ್ಷ್‌ಮನ್ 1970ರ ತಮ್ಮ ಕೃತಿಯಲ್ಲಿ ಒಂದು ಚೌಕಟ್ಟನ್ನು ಒದಗಿಸಿದರು. ಅತೃಪ್ತರ ಮುಂದೆ ಬಿಟ್ಟುಹೋಗುವುದು, ದನಿಯೆತ್ತುವುದು ಎಂಬ ಎರಡು ದಾರಿಗಳಿವೆ. ಮೊದಲನೆಯದು ಸುಲಭವಾದಷ್ಟೂ ಎರಡನೆಯದು ಕ್ಷೀಣಿಸುತ್ತದೆ ಎಂಬುದು ಅಲ್ಲಿನ ಒಂದು ಮುಖ್ಯ ನಿಲುವು. 1989ರ ಪೂರ್ವ ಜರ್ಮನಿಯಲ್ಲಿ ಇವೆರಡೂ ಒಂದನ್ನೊಂದು ಬಲಪಡಿಸಿದುದನ್ನು ಕಂಡು ಅವರೇ 1993ರಲ್ಲಿ ಈ ನಿಲುವನ್ನು ಪರಿಷ್ಕರಿಸಿದರು. ಸಮೀಕ್ಷೆಗಳ ಪ್ರಶ್ನಾವಳಿಗಳಲ್ಲಿ ಮಾತ್ರ ಇವು ಬೇರೆಬೇರೆ ಅಂಕಣಗಳಲ್ಲೇ ಉಳಿದಿವೆ.

ರಾಷ್ಟ್ರೀಯ ಮಾದರಿ ಸಮೀಕ್ಷೆಯ 64ನೆಯ ಸುತ್ತು (2007-08), ಹಿಂದಿನ 365 ದಿನಗಳಲ್ಲಿ ಉದ್ಯೋಗಕ್ಕಾಗಿ ಒಂದು ತಿಂಗಳಿಗೆ ಕಡಿಮೆಯಿಲ್ಲದೆ, ಆರು ತಿಂಗಳಿಗಿಂತ ಕಡಿಮೆ ಅವಧಿಗೆ ಊರು ಬಿಟ್ಟವರನ್ನು ಅಲ್ಪಾವಧಿ ವಲಸಿಗರೆಂದು ಗುರುತಿಸಿತು. ಕಾರಣವು ವ್ಯಾಖ್ಯೆಯೊಳಗೇ ನಿಗದಿಯಾಗಿರುವುದರಿಂದ ಸಾಲದ ಒತ್ತಡ, ಜಾತಿಯ ಅವಮಾನ, ಅಧಿಕಾರದ ಮೇಲಣ ಸಿಟ್ಟು ಅಲ್ಲಿ ದಾಖಲಾಗುವುದಿಲ್ಲ. ವಿಶ್ವ ಮೌಲ್ಯ ಸಮೀಕ್ಷೆಯಾದರೋ ಮನವಿಗೆ ಸಹಿ, ಬಹಿಷ್ಕಾರ, ಶಾಂತಿಯುತ ಮೆರವಣಿಗೆ ಮೊದಲಾದವುಗಳಲ್ಲಿ ಪಾಲ್ಗೊಂಡಿರುವಿರಾ ಎಂದು ಕೇಳುತ್ತದೆ. ಊರು ತೊರೆಯುವುದು ಆ ಪಟ್ಟಿಯಲ್ಲಿಲ್ಲ.

ಈ ವಿಭಜನೆಯ ಕೊರತೆಯನ್ನು 1930ರ ಬಾರ್ಡೋಲಿ ತೋರಿಸಿಕೊಡುತ್ತದೆ. ಕಂದಾಯ ನಿರಾಕರಿಸಿದ ಅಲ್ಲಿನ ರೈತರು ಮನೆ, ಹೊಲಗಳನ್ನು ಬಿಟ್ಟು ನೆರೆಯ ಬಡೋದಾ ಸಂಸ್ಥಾನದ ಗಡಿಯೊಳಕ್ಕೆ ಹೋದರು. ಜನ ಅದನ್ನು ಹಿಜರತ್ ಎಂದು ಕರೆದರು. ಇಂದಿನ ಪ್ರಶ್ನಾವಳಿಗಳಲ್ಲಿ ಅವರು ವಲಸಿಗರೆನಿಸಿಕೊಳ್ಳುತ್ತಾರೆಯೇ ಹೊರತು ಪ್ರತಿಭಟನಕಾರರೆನಿಸಿಕೊಳ್ಳುವುದಿಲ್ಲ.

ರಾಯಚೂರು, ಯಾದಗಿರಿ, ಕಲಬುರಗಿ ಭಾಗದ ‘ಗುಳೆ’ಯನ್ನು ಹಿಜರತ್ತಿಗೆ ಸಮೀಕರಿಸುವುದು ಸರಿಯಲ್ಲ. ಅದು ಬಹುಮಟ್ಟಿಗೆ ಬರ ಮತ್ತು ಬಡತನಗಳ ಒತ್ತಾಯ. ಅದನ್ನು ಪ್ರತಿಭಟನೆಯೆಂದು ವೈಭವೀಕರಿಸುವ ಜಾನಪದ ಬರಹವೂ ಅಷ್ಟೇ ದೋಷಪೂರ್ಣ. ಆದರೆ ಗುಂಟುಮೂಟೆ ಕಟ್ಟಿ ಮನೆಮಂದಿಯೆಲ್ಲ ಹೊರಡುವ ಕ್ರಿಯೆಯನ್ನು ಆ ಪದ ಸೂಚಿಸುತ್ತದೆ. ಹೀಗೆ ಬೀಗ ಬಿದ್ದ ಮನೆಯಲ್ಲಿ ಸಮೀಕ್ಷಕನಿಗೆ ಉತ್ತರಿಸುವವರಿಲ್ಲ. ಉಳಿದವರ ಉತ್ತರಗಳನ್ನೇ ಇಡೀ ಊರಿನ ಮನೋಧರ್ಮವೆಂದು ಗ್ರಹಿಸಿದಾಗ, ವಲಸೆ ಹೆಚ್ಚಿರುವೆಡೆ ಪ್ರತಿಭಟನೆ ಕಡಿಮೆ ಎಂಬ ತೀರ್ಮಾನ ಸುಲಭವಾಗಿ ಹುಟ್ಟಿಕೊಳ್ಳಬಹುದು. ಆ ತೀರ್ಮಾನವನ್ನು ಆಡಳಿತವು ಜನರ ಸಮ್ಮತಿಯೆಂದು ಓದಿಕೊಳ್ಳುವುದರಲ್ಲಿ ನಿಜವಾದ ಅಪಾಯವಿದೆ.

ಸಮೀಕ್ಷೆಯನ್ನು ಕೈಬಿಡುವುದು ಇದಕ್ಕೆ ಪರಿಹಾರವಲ್ಲ. ಎಷ್ಟು ಜನ ಹೋದರೆಂಬುದನ್ನು ಒಂದು ಹಾಡಾಗಲಿ ಒಂದು ಕಥನವಾಗಲಿ ಹೇಳಲಾರದು. ಗುಳೆಗೆ ಮುನ್ನ ಮತ್ತು ಮರಳಿದ ಬಳಿಕ ಎರಡು ಬಾರಿ ಸಮೀಕ್ಷೆ ನಡೆಸುವುದು, ಹೊರಡುವ ಮೊದಲು ಯಾರ ಬಳಿ ಏನನ್ನು ಕೇಳಿದ್ದರು ಎಂದು ವಿಚಾರಿಸುವುದು, ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳುವುದು ಅಗತ್ಯ. ಬೀಗ ಬಿದ್ದ ಮನೆಗಳ ಸಂಖ್ಯೆಯನ್ನೂ ವರದಿಯಲ್ಲಿ ಪ್ರತ್ಯೇಕವಾಗಿ ನಮೂದಿಸಬೇಕು. ಅಷ್ಟಾದರೆ ಅಂಕಿಸಂಖ್ಯೆ ಮತ್ತು ಮೌಖಿಕ ಸಾಕ್ಷ್ಯಗಳು ಪರಸ್ಪರರ ಕೊರತೆಯನ್ನು ತುಂಬಬಲ್ಲವು.