ತ್ರಿಪುರಾಂಬ: ದೊಡ್ಡಣ್ಣ ಹಾಲಿನ ಮೊದಲ ನಾಯಿಕೆ

ಬೆಂಗಳೂರಿನ ಸಿಟಿ ಮಾರುಕಟ್ಟೆಯ ಹೂವಿನ ರಾಶಿಗಳನ್ನು ದಾಟಿ ನಡೆಯುವಾಗಲೆಲ್ಲ, ಜನೋಪಕಾರಿ ದೊಡ್ಡಣ್ಣ ಶೆಟ್ಟರ ನಾಮಧೇಯವನ್ನು ಹೊತ್ತು, ಮುಂದೆ ಪ್ಯಾರಾಮೌಂಟ್ ಟಾಕೀಸೆಂದು ಪ್ರಸಿದ್ಧವಾದ ದೊಡ್ಡಣ್ಣ ಹಾಲನ್ನು ನೆನೆದು ಮನಸ್ಸು ಕ್ಷಣಕಾಲ ಕೈಮುಗಿಯುತ್ತದೆ. ಕನ್ನಡದ ಪ್ರಥಮ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಳಕು ಕಂಡುದು ಅಲ್ಲಿಯೇ. ಆ ಬೆಳಕಿನಲ್ಲಿ ಕನ್ನಡ ನುಡಿದ ಮೊದಲ ನಾಯಿಕೆ ತ್ರಿಪುರಾಂಬ.

ವೈ. ವಿ. ರಾವ್ ಅವರ ನಿರ್ದೇಶನದಲ್ಲಿ, ದೂರದ ಕೊಲ್ಹಾಪುರದ ಸ್ಟುಡಿಯೋದಲ್ಲಿ, ರಾವಣನಾಗಿ ಆರ್. ನಾಗೇಂದ್ರರಾಯರೂ ಇಂದ್ರಜಿತುವಾಗಿ ಎಂ. ವಿ. ಸುಬ್ಬಯ್ಯ ನಾಯ್ಡುಗಳೂ ಗರ್ಜಿಸುತ್ತಿರಲು, ಅವರೆದುರು ಕರುಣರಸವನ್ನು ತುಂಬಿಕೊಡುವ ಭಾರ ಸುಲೋಚನೆಯ ಪಾತ್ರ ವಹಿಸಿದ ಆಕೆಯದಾಗಿತ್ತು. ಹಿನ್ನೆಲೆ ಗಾಯನವೆಂಬ ಆಸರೆಯಿಲ್ಲದ ಕಾಲವದು. ನಟಿಸುವವರೇ ಹಾಡಬೇಕು, ಕಣ್ಣೀರು ತುಂಬಿದ ಕಂಠದಲ್ಲಿಯೂ ಶ್ರುತಿ ತಪ್ಪಬಾರದು.

ಸುಲೋಚನೆಯ ಕಥೆಯನ್ನು ಬಲ್ಲವರು ಯೋಚಿಸಲಿ: ರಣರಂಗದಿಂದ ಹಾರಿಬಂದ ಪತಿ ಇಂದ್ರಜಿತುವಿನ ಭುಜವು ಅಂಗಳದಲ್ಲಿ ಬಿದ್ದು, ತನ್ನ ಬೆರಳಿನಿಂದಲೇ ಮರಣವಾರ್ತೆಯನ್ನು ಬರೆಯುತ್ತದೆ, ಅದನ್ನೋದುವ ಸತಿಯ ಮುಖದಲ್ಲಿ ಸಂಶಯ, ಭೀತಿ, ಶೋಕ, ಕೊನೆಗೆ ದೃಢನಿಶ್ಚಯ ಒಂದರ ಹಿಂದೊಂದು ಮೂಡಬೇಕು. ಇಂಥ ಪಾತ್ರದಿಂದ ನಮ್ಮ ವಾಕ್ಚಿತ್ರಕಲೆ ಆರಂಭವಾಯಿತೆಂಬುದೇ ಹೆಮ್ಮೆಯ ಸಂಗತಿ.

ಆ ಚಿತ್ರದ ಪ್ರತಿ ಇಂದು ಉಳಿದಿಲ್ಲ. ಆದರೂ, ಮುಂದೆ ಬಂದ ಪಂಢರಿಬಾಯಿ, ಲೀಲಾವತಿ, ಕಲ್ಪನಾ ಮೊದಲಾದವರ ಪ್ರತಿಯೊಂದು ಮಾತಿನ ಹಿಂದೆಯೂ, ಮಾರುಕಟ್ಟೆಯ ಮಗ್ಗುಲಲ್ಲಿ ಮೊಳಗಿದ ಆ ಮೊದಲ ದನಿಯ ಋಣವಿದೆ.