ಪಡೆದ ರಕ್ಷಣೆ ಕಳೆಯಬಲ್ಲುದೆ?

ಭಗವಂತನ ಕೃಪೆಯನ್ನು ಒಮ್ಮೆ ಪಡೆದ ಜೀವನು ತನ್ನ ದೋಷದಿಂದಲೋ ದೌರ್ಬಲ್ಯದಿಂದಲೋ ಅದನ್ನು ಮರಳಿ ಕಳೆದುಕೊಳ್ಳಬಹುದೆ ಎಂಬ ಪ್ರಶ್ನೆಯನ್ನು ಕ್ರೈಸ್ತರ ಮನೆಯೊಳಗಿನ ವ್ಯಾಜ್ಯವೆಂದೆಣಿಸಿ ಉಳಿದವರು ದೂರ ನಿಲ್ಲುವುದುಂಟು. ಲಚ್ಯಾಣದಲ್ಲಿ, ಸಿದ್ಧಲಿಂಗ ಮಹಾರಾಜರ ಮಠದ ಆಶ್ರಯದಲ್ಲಿ ಬೆಳೆದವನಿಗೆ ಅದು ಅಷ್ಟು ಪರಕೀಯವಾಗಿ ತೋರದು. ಕೊರಳಲ್ಲಿ ಧರಿಸಿದ ಇಷ್ಟಲಿಂಗವು ಪ್ರಮಾದದಿಂದ ಬಿದ್ದು ಹೋದರೆ ಭಕ್ತನು ಏನು ಮಾಡತಕ್ಕದ್ದು ಎಂಬ ಚಿಂತೆ ನಮ್ಮ ಹಿರಿಯರನ್ನೂ ಕಾಡಿತ್ತು. ವೀರಶೈವ ಗ್ರಂಥವಾದ ಸಿದ್ಧಾಂತಶಿಖಾಮಣಿಯು ಅಂಥವನಿಗೆ ಪ್ರಾಣತ್ಯಾಗವನ್ನೇ ವಿಧಿಸಿತು. ಪ್ರಾಣದಲ್ಲಿ ನೆಲೆಗೊಂಡುದು ದಾರ ಹರಿದ ಮಾತ್ರಕ್ಕೆ ಹೋಗುವುದೆಂತು ಎಂದು ಕೇಳುವವರೂ ನಮ್ಮಲ್ಲಿ ಇದ್ದಾರೆ. ಬಸವನ ಬಾಗೇವಾಡಿಯ ನಾಡಿನವರು ಈ ವಿಚಾರವನ್ನು ಕುತೂಹಲಕ್ಕಾಗಿಯಲ್ಲ, ಬಂಧುಭಾವದಿಂದಲೇ ಪರಿಶೀಲಿಸಬಹುದು. ಮುದ್ದೇಬಿಹಾಳಕ್ಕೆ ಬಹುದೂರವಲ್ಲದ ಮುದಗಲ್ಲಿನಲ್ಲಿ ಆದಿಲ್‌ಶಾಹಿಗಳ ಕಾಲದಿಂದಲೂ ಕಥೋಲಿಕರು ನೆಲೆಸಿದ್ದಾರೆ. ಗುಳೇದಗುಡ್ಡ, ವಿಜಯಪುರಗಳಲ್ಲಿ ಬಾಸೆಲ್ ಮಿಶನ್ನಿನವರು ಕಟ್ಟಿದ ಪ್ರೊಟೆಸ್ಟಂಟ್ ಸಭೆಗಳಿವೆ. ಪಕ್ಷಗಳೆರಡೂ ನಮ್ಮ ನೆರೆಹೊರೆಯವೇ.

ಕಥೋಲಿಕ ಪಕ್ಷದ ನಿಲುವು ಸ್ಪಷ್ಟವಾದುದು. 1547ನೆಯ ಇಸವಿಯ ಜನವರಿ 13ರಂದು ಟ್ರೆಂಟ್ ಮಹಾಸಭೆಯು ಹೊರಡಿಸಿದ ನಿರ್ಣಯದ ಪ್ರಕಾರ, ನೀತಿವಂತನೆನಿಸಿದವನು ಮಾರಕ ಪಾಪದಿಂದ ದೇವರ ವರಪ್ರಸಾದವನ್ನು ಕಳೆದುಕೊಳ್ಳಬಲ್ಲನು. ವಿಶ್ವಾಸವು ಉಳಿದಿದ್ದರೂ ವರಪ್ರಸಾದವು ಹೋಗಿರಬಹುದು. ಹೋದುದನ್ನು ಪಾಪನಿವೇದನೆಯ ಸಂಸ್ಕಾರದಿಂದ ಮರಳಿ ಪಡೆಯಬಹುದು. ಆದರೆ ಕಡೆಯವರೆಗೆ ತಾನು ನಿಲ್ಲುವೆನೆಂದು, ವಿಶೇಷ ದರ್ಶನವಿಲ್ಲದೆ, ಯಾವನೂ ನಿಸ್ಸಂಶಯವಾಗಿ ಹೇಳಲಾರನು. ಪ್ರೊಟೆಸ್ಟಂಟ್ ಪಕ್ಷವೆಂಬುದಾದರೋ ಒಂದಲ್ಲ. ಲೂಥರನ ಅನುಯಾಯಿಗಳು 1530ರ ಆಗ್ಸ್‌ಬರ್ಗ್ ಅರಿಕೆಯಲ್ಲಿ, ಒಮ್ಮೆ ನೀತಿವಂತರಾದವರು ಪವಿತ್ರಾತ್ಮನನ್ನು ಕಳೆದುಕೊಳ್ಳಲಾರರೆಂಬ ವಾದವನ್ನು ಖಂಡಿಸಿದರು. ಕಾಲ್ವಿನನ ಪರಂಪರೆಯವರು 1618–19ರ ಡೊರ್ಟ್ ಸಭೆಯಲ್ಲಿ ಇದಕ್ಕೆ ವಿರುದ್ಧವಾಗಿ, ದೇವರು ಆರಿಸಿಕೊಂಡವರು ಎಷ್ಟೇ ಘೋರವಾಗಿ ಎಡವಿದರೂ ಕಡೆಗೆ ನಾಶವಾಗರೆಂದು ಸಾರಿದರು. ಮೆಥೊಡಿಸ್ಟರ ಮೂಲಪುರುಷನಾದ ವೆಸ್ಲಿಯು ಮತ್ತೆ ಕಳೆಯಬಹುದೆಂಬ ಪಕ್ಷವನ್ನೇ ಹಿಡಿದನು. ಕ್ರಿಸ್ತನ ಕೈಯಿಂದ ಆತನ ಕುರಿಗಳನ್ನು ಯಾರೂ ಕಸಿಯಲಾರರೆಂಬ ಯೋಹಾನನ ಸುವಾರ್ತೆಯ ಅಭಯವನ್ನು ಒಬ್ಬರು ಹಿಡಿದರೆ, ಬಿದ್ದುಹೋದವರನ್ನು ಮತ್ತೆ ಮಾನಸಾಂತರಕ್ಕೆ ತರುವುದು ಅಸಾಧ್ಯವೆಂಬ ಇಬ್ರಿಯರ ಪತ್ರಿಕೆಯ ಆರನೆಯ ಅಧ್ಯಾಯದ ಎಚ್ಚರಿಕೆಯನ್ನು ಮತ್ತೊಬ್ಬರು ತೋರಿಸುತ್ತಾರೆ. ಶಾಸ್ತ್ರವಾಕ್ಯಗಳನ್ನು ತಕ್ಕಡಿಗೆ ಹಾಕಿ ಈ ವಿವಾದವನ್ನು ಮುಗಿಸಲು ನಾಲ್ಕುನೂರು ವರ್ಷಗಳಲ್ಲಿ ಯಾರಿಗೂ ಸಾಧ್ಯವಾಗಿಲ್ಲ.

ಕನ್ನಡದ ಪ್ರೊಟೆಸ್ಟಂಟರಿಗೆ ಈ ಪ್ರಶ್ನೆಯು ಬಂದ ಬಗೆ ವಿಲಕ್ಷಣವಾದುದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರಲ್ಲಿ ಲೂಥರನ ಹಾಗೂ ಕಾಲ್ವಿನನ ಪರಂಪರೆಗಳೆರಡೂ ಬೆರೆತಿದ್ದುವು. ಅವರಿಗೆ ಮುಖ್ಯವಾದುದು ಹೃದಯದ ಪರಿವರ್ತನೆ, ವಾದದ ಸೂಕ್ಷ್ಮಗಳಲ್ಲ. ಆ ಮಿಶನ್ನಿನ ವೈಗಲ್ ಪಂಡಿತರು ಇಂಗ್ಲಿಷ್ ಲೇಖಕ ಬನಿಯನ್ನನ ಕೃತಿಯನ್ನು ‘ಯಾತ್ರಿಕನ ಸಂಚಾರ’ವೆಂಬ ಹೆಸರಿನಿಂದ ಕನ್ನಡಿಸಿದರು, ಅಮೂರ್ತ ತರ್ಕವು ತಲಪಲಾರದ ಮನೆಗಳಿಗೆ ಈ ಪ್ರಶ್ನೆಯು ಕಥಾರೂಪದಲ್ಲಿ ಪ್ರವೇಶಿಸಿದುದು ಇಂಥ ಪುಸ್ತಕದ ಮೂಲಕ. ಬನಿಯನ್ನನು ಕಾಲ್ವಿನನ ದಾರಿಯವನು; ಆರಿಸಲ್ಪಟ್ಟವನು ನಾಶವಾಗನೆಂದು ನಂಬಿದವನು. ಆದರೂ ಆತನ ಯಾತ್ರಿಕನು ಪ್ರಯಾಣದ ಆರಂಭದಲ್ಲಿಯೇ ಒಂದು ಕತ್ತಲೆಯ ಕೋಣೆಯನ್ನು ಕಾಣುತ್ತಾನೆ: ಕಬ್ಬಿಣದ ಪಂಜರದೊಳಗೆ ಒಬ್ಬನು ಕೈಜೋಡಿಸಿ, ದೃಷ್ಟಿಯನ್ನು ನೆಲಕ್ಕೆ ನೆಟ್ಟು, ಎದೆಯೊಡೆಯುವಂತೆ ನಿಟ್ಟುಸಿರುಬಿಡುತ್ತ ಕುಳಿತಿದ್ದಾನೆ. ಒಂದು ಕಾಲಕ್ಕೆ ತಾನು ಸ್ವರ್ಗನಗರಿಗೆ ಯೋಗ್ಯನೆಂದು ತನಗೂ ಪರರಿಗೂ ತೋರುತ್ತಿದ್ದೆನೆಂದೂ, ಎಚ್ಚರದಪ್ಪಿ ನಡೆದೆನೆಂದೂ, ಈಗ ಪಶ್ಚಾತ್ತಾಪಪಡಬೇಕೆಂದರೂ ಹೃದಯವು ಕರಗದೆಂದೂ ಅವನು ಹೇಳುತ್ತಾನೆ. ಕೃತಿಯ ಕಡೆಯಲ್ಲಿ ನಗರದ ಹೆಬ್ಬಾಗಿಲವರೆಗೆ ಬಂದ ಅಜ್ಞಾನಿಯೂ ಕೈಕಾಲು ಕಟ್ಟಿಸಿಕೊಂಡು ನರಕದ ದಾರಿ ಹಿಡಿಯಬೇಕಾಗುತ್ತದೆ. ಸಿದ್ಧಾಂತವು ಅಭಯವನ್ನೀಯುತ್ತಿರಲು ಕಾವ್ಯವು ನಡುಗುತ್ತಿರುವುದನ್ನು ಇಲ್ಲಿ ಕಾಣಬಹುದು. ಮಹಾಕೃತಿಯಾದುದರಿಂದಲೇ ಅದು ತನ್ನ ಕರ್ತನ ಮತಕ್ಕಿಂತ ಹೆಚ್ಚು ಸತ್ಯವನ್ನು ನುಡಿದಿದೆ ಎಂದು ನಾನು ಭಾವಿಸುತ್ತೇನೆ.

ಏಕೆಂದರೆ ಕಾಲ್ವಿನೀಯ ಪಕ್ಷದ ಮುಖ್ಯ ದುರ್ಬಲತೆಯು ಇಲ್ಲಿಯೇ ಇದೆ. ಇಂದಿನ ಪ್ರಾರ್ಥನಾಕೂಟಗಳಲ್ಲಿ ಒಬ್ಬನು ಎದ್ದುನಿಂತು, ಇಂಥ ವರ್ಷ ಇಂಥ ದಿನ ರಕ್ಷಣೆ ಹೊಂದಿದೆನೆಂದು ಸಾಕ್ಷಿ ಹೇಳುತ್ತಾನೆ. ಒಮ್ಮೆ ಹೊಂದಿದ ರಕ್ಷಣೆ ಎಂದೆಂದಿಗೂ ಉಳಿಯುವುದೆಂದು ಬೋಧಕನು ಧೈರ್ಯ ತುಂಬುತ್ತಾನೆ. ಅದೇ ಮನುಷ್ಯನು ಕೆಲಕಾಲದ ಮೇಲೆ ಹಿಂಜಾರಿ ಕುಡಿತಕ್ಕೋ ಕಪಟಕ್ಕೋ ಮರಳಿ ಅದರಲ್ಲಿಯೇ ನಿಂತರೆ, ಅವನು ನಿಜವಾಗಿ ರಕ್ಷಣೆಯನ್ನೇ ಹೊಂದಿರಲಿಲ್ಲವೆಂಬ ತೀರ್ಪು ಹೊರಡುತ್ತದೆ. ಹಾಗಾದರೆ ಸಾಕ್ಷಿ ಹೇಳಿದ ದಿನ ಅವನಿಗೆ ದೊರೆತ ಅಭಯವು ಯಾವುದರ ಮೇಲೆ ನಿಂತಿತ್ತು? ಅದೇ ಸ್ವರದಲ್ಲಿ, ಅದೇ ಕಣ್ಣೀರಿನಲ್ಲಿ ಸಾಕ್ಷಿ ಹೇಳುತ್ತಿರುವ ಪಕ್ಕದವನು ತನ್ನದು ಅಂಥದಲ್ಲವೆಂದು ತಿಳಿಯುವುದೆಂತು? ಕಳೆಯಲಾರದೆಂಬ ಸಿದ್ಧಾಂತವು, ಕಳೆದುಕೊಂಡವನನ್ನು ಕಂಡಾಗ, ಅವನ ಗತಜೀವನವನ್ನೇ ಅಳಿಸಿಹಾಕಿ ತನ್ನನ್ನು ಉಳಿಸಿಕೊಳ್ಳುತ್ತದೆ.

ಯಾವ ಸಿದ್ಧಾಂತಕ್ಕೂ ನಿಜವಾದ ಪರೀಕ್ಷೆಯು ಬಿದ್ದು ಮರಳಿ ಬಂದವನ ಮುಂದೆಯೇ ನಡೆಯತಕ್ಕದ್ದು. ಅಂಥ ಪರೀಕ್ಷೆಯು ಕನ್ನಡ ನಾಡಿನಲ್ಲಿಯೇ ಒಮ್ಮೆ ನಡೆಯಿತು. 1784ರಲ್ಲಿ ಕೆನರಾ ಸೀಮೆಯ ಕಥೋಲಿಕರು ಟಿಪ್ಪು ಸುಲ್ತಾನನ ಆಜ್ಞೆಯಂತೆ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟರು. ಅವರ ಸಂಖ್ಯೆಯ ವಿಷಯದಲ್ಲಿ ಬರೆದವರಲ್ಲಿ ಒಮ್ಮತವಿಲ್ಲ. ಅನೇಕರು ದಾರಿಯಲ್ಲಿಯೂ ಸೆರೆಯಲ್ಲಿಯೂ ತೀರಿಕೊಂಡರು, ಅನೇಕರು ಬಲಾತ್ಕಾರದಿಂದ ಮತವನ್ನು ಬದಲಿಸಬೇಕಾಯಿತು. 1799ರಲ್ಲಿ ಪಟ್ಟಣವು ಬಿದ್ದ ಮೇಲೆ, ಮೈಸೂರು ಸೀಮೆಯಲ್ಲಿ ಚದುರಿದ ಕ್ರೈಸ್ತರನ್ನು ಒಗ್ಗೂಡಿಸುವುದಕ್ಕೆ ಬಂದವರು, ಜನರು ದೊಡ್ಡ ಸ್ವಾಮಿಗಳೆಂದು ಕರೆದ ಫ್ರೆಂಚ್ ಪಾದ್ರಿ ಅಬ್ಬೆ ದುಬೊಯ್. ಹದಿನೈದು ವರ್ಷ ಅನ್ಯಮತದ ಹೆಸರಿನಲ್ಲಿ ಬಾಳಿದವರು ಅವರ ಮುಂದೆ ಬಂದರು. ಇವರು ಎಂದಾದರೂ ನಿಜವಾದ ವಿಶ್ವಾಸಿಗಳಾಗಿದ್ದರೋ ಎಂಬ ಪ್ರಶ್ನೆಯನ್ನು ದುಬೊಯ್ ಅವರ ಶಾಸ್ತ್ರವು ಕೇಳುವಂತಿರಲಿಲ್ಲ. ಜ್ಞಾನಸ್ನಾನವು ಅಳಿಸಲಾರದ ಮುದ್ರೆಯಾದುದರಿಂದ ಮರಳಿ ಜ್ಞಾನಸ್ನಾನವೂ ಬೇಡ. ಪಾಪವನ್ನು ನಿವೇದಿಸಿ, ವಿಧಿಸಿದ ಪ್ರಾಯಶ್ಚಿತ್ತವನ್ನು ಸ್ವೀಕರಿಸಿ, ಕ್ಷಮೆಯನ್ನು ಪಡೆದು ಬಲಿಪೂಜೆಗೆ ಬರಬಹುದು. ವಿಶೇಷವೇನೆಂದರೆ, ಅಷ್ಟು ಸಾವಿರ ಜನರಲ್ಲಿ ವಿಶ್ವಾಸಕ್ಕಾಗಿ ಪ್ರಾಣಕೊಡಲು ಒಬ್ಬನೂ ಮುಂದಾಗಲಿಲ್ಲವೆಂದು ಅದೇ ದುಬೊಯ್ 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಕಟುವಾಗಿ ಬರೆದರು. ಆ ಮಾತು ಕಠೋರವೂ ಅನ್ಯಾಯವೂ ಆದುದು. ಹೆಂಡಿರು ಮಕ್ಕಳೊಡನೆ ಸೆರೆಯಲ್ಲಿದ್ದವರನ್ನು ಮುಕ್ತನಾದ ಪಾದ್ರಿಯೊಬ್ಬನು ಹಾಗೆ ಅಳೆಯಬಾರದು. ಆದರೆ ಪಾದ್ರಿಯ ತಿರಸ್ಕಾರಕ್ಕಿಂತ ಆತನ ಸಂಸ್ಕಾರವು ದೊಡ್ಡದಾಗಿತ್ತು. ಬಾಗಿಲನ್ನು ಮುಚ್ಚುವ ಅಧಿಕಾರವನ್ನು ಅದು ಆತನಿಗೆ ಕೊಟ್ಟಿರಲಿಲ್ಲ. ಕ್ರಿ.ಶ. 250ರಲ್ಲಿ ಡೀಸಿಯಸ್ ಚಕ್ರವರ್ತಿಯ ಹಿಂಸೆಗೆ ಅಂಜಿ ವಿಗ್ರಹಗಳಿಗೆ ಧೂಪ ಹಾಕಿದವರು ಮರಳಿ ಬಂದಾಗ, ರೋಮಿನ ನೊವಾಷಿಯನ್ ಕೂಡದೆಂದುದನ್ನೂ, ಕಾರ್ತೇಜಿನ ಸಿಪ್ರಿಯನ್ ಪ್ರಾಯಶ್ಚಿತ್ತದ ಮೇಲೆ ಬರಮಾಡಿಕೊಂಡುದನ್ನೂ ಬಲ್ಲವರಿಗೆ, ಕಾವೇರಿಯ ತೀರದಲ್ಲಿ ನಡೆದುದರ ಬೇರು ಎಲ್ಲಿಯದೆಂದು ತಿಳಿಯುತ್ತದೆ.

ಇಷ್ಟರಿಂದ ಟ್ರೆಂಟಿನ ಪಕ್ಷವು ನಿರ್ದೋಷವೆಂದಲ್ಲ. ಗುರುವಿನ ಕಿವಿಯ ಮೂಲಕವೇ ಕ್ಷಮೆಯು ಬರುವುದಾದರೆ, ಸೆರೆಯಲ್ಲಿಯೇ ಕಣ್ಮುಚ್ಚಿದವರ ಗತಿಯೇನು? ಶುದ್ಧಪ್ರೇಮದಿಂದ ಹುಟ್ಟಿದ ಪಶ್ಚಾತ್ತಾಪವು, ಸಂಸ್ಕಾರದ ಅಪೇಕ್ಷೆಯೊಡನೆ, ಮುಂಚೆಯೇ ಮನುಷ್ಯನನ್ನು ದೇವರೊಡನೆ ಸಂಧಿಗೊಳಿಸುವುದೆಂದು ಟ್ರೆಂಟ್ ಸಭೆಯೇ ಹೇಳಿದೆ. ಈ ಸಮಾಧಾನವನ್ನು ಪ್ರವಚನಪೀಠಗಳಲ್ಲಿ ಸಾಕಷ್ಟು ಸಾರಲಿಲ್ಲ. ಪಾಪಗಳನ್ನು ಎಣಿಸಿ ಎಣಿಸಿ, ತಾನೀಗ ವರಪ್ರಸಾದದಲ್ಲಿದ್ದೇನೆಯೋ ಇಲ್ಲವೋ ಎಂದು ಹಗಲಿರುಳು ತಳಮಳಿಸುವ ಮನಸ್ಸನ್ನು ಕಳೆಯಬಹುದೆಂಬ ಬೋಧನೆಯು ಸೃಷ್ಟಿಸಿದುದೂ ಉಂಟು. ಸನ್ಯಾಸಿಯಾಗಿದ್ದ ಲೂಥರನು ಆ ತಳಮಳದಿಂದಲೇ ಹೊರಬಂದವನು. ದೇವರು ಕೈಬಿಡನೆಂಬ ಆತನ ಕೂಗಿನಲ್ಲಿ ಇಡೀ ಕ್ರೈಸ್ತಲೋಕಕ್ಕೆ ಬೇಕಾದ ಔಷಧವಿತ್ತು. 1999ರ ಅಕ್ಟೋಬರ್ 31ರಂದು ಕಥೋಲಿಕರೂ ಲೂಥರನ್ನರೂ ಆಗ್ಸ್‌ಬರ್ಗಿನಲ್ಲಿಯೇ ಜಂಟಿ ಘೋಷಣೆಗೆ ಸಹಿಮಾಡಿ, ತನ್ನನ್ನು ನೋಡಿದರೆ ವಿಶ್ವಾಸಿಗೆ ಭಯವಿರಬಹುದಾದರೂ ದೇವರ ವಾಗ್ದಾನವನ್ನು ಸಂಶಯಿಸಬೇಕಾಗಿಲ್ಲವೆಂಬಲ್ಲಿಗೆ ಬಂದುದು ಆ ಔಷಧದ ಗುಣವನ್ನು ಒಪ್ಪಿದಂತೆಯೇ.

ಎರಡನ್ನೂ ತೂಗಿ ನೋಡಿದಲ್ಲಿ, ರಕ್ಷಣೆಯು ಕಳೆಯಬಹುದು, ಕಳೆದವನಿಗೆ ಮರಳಿ ದೊರೆಯಬಹುದು ಎಂಬ ಪಕ್ಷವೇ ಮನುಷ್ಯನ ಸ್ವಾತಂತ್ರ್ಯವನ್ನೂ ದೇವರ ಕರುಣೆಯನ್ನೂ ಏಕಕಾಲದಲ್ಲಿ ಗೌರವಿಸುತ್ತದೆ. ಲೂಥರನ ಅನುಯಾಯಿಗಳು ಇದರಲ್ಲಿ ರೋಮಿಗೆ ತಾವು ತಿಳಿದುದಕ್ಕಿಂತ ಸಮೀಪದಲ್ಲಿದ್ದಾರೆ. ನಮ್ಮ ಜಿಲ್ಲೆಯ ಸಭಾಪಾಲಕರಲ್ಲಿಯೂ ಗುರುಗಳಲ್ಲಿಯೂ ನನ್ನ ವಿನಂತಿ ಇಷ್ಟೇ: ಬಹುದಿನ ದೂರವಿದ್ದು ಮರಳಿ ಬಂದವನನ್ನು, ನೀನು ಮೊದಲು ನಿಜವಾಗಿ ನಂಬಿದ್ದೆಯೋ ಎಂದು ಕೇಳಬೇಡಿರಿ, ಬಂದುದಕ್ಕಾಗಿ ಸಂತೋಷಪಟ್ಟು ಒಳಗೆ ಕರೆಯಿರಿ.